ಹಿತ್ತಲ ಕೋಳಿಯ ಬಣ್ಣ: ಅದು ಹೇಳುವುದು, ಹೇಳದಿರುವುದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಸಂತೆಗಳಲ್ಲಿ ಕೋಳಿ ಮಾರುವ ಜಾಗಕ್ಕೆ ಯಾರೂ ಬರೆದಿಡದ ಒಂದು ದರಪಟ್ಟಿ ಇದೆ. ಬಿಳಿಯದು ಫಾರಂ ಕೋಳಿ. ಕೆಂಪು, ಕರಿ, ಕಂದು, ಮಿಶ್ರ ಬಣ್ಣದ್ದು ಜವಾರಿ ಕೋಳಿ. ಕೊಳ್ಳುವವರು ಕಾಲು ಕಟ್ಟಿದ ಹುಂಜವನ್ನು ಎತ್ತಿ ತೂಕ ಅಂದಾಜು ಮಾಡುತ್ತಾರೆ, ಎದೆಮೂಳೆ ಮುಟ್ಟಿ ನೋಡುತ್ತಾರೆ, ಕಾಲಿನ ಮುಳ್ಳು ಎಷ್ಟು ಬಲಿತಿದೆ ಎಂದು ನೋಡಿ ವಯಸ್ಸು ಹೇಳುತ್ತಾರೆ. ಇಷ್ಟೆಲ್ಲ ಪರೀಕ್ಷೆ ನಡೆಯುವ ಹೊತ್ತಿಗೆ ಮುಖ್ಯ ತೀರ್ಮಾನ ಆಗಿಹೋಗಿರುತ್ತದೆ. ಅದು ಗರಿಯ ಬಣ್ಣ ಕಂಡ ಕ್ಷಣದಲ್ಲೇ ಆದದ್ದು. ಈ ದತ್ತಿ ಉಪನ್ಯಾಸದಲ್ಲಿ ನಾನು ಪ್ರಶ್ನಿಸಬೇಕೆಂದಿರುವುದು ಆ ತೀರ್ಮಾನವನ್ನು. ಕೋಳಿ ಜವಾರಿಯೋ ಅಲ್ಲವೋ ಎಂದು ಹೇಳುವ ಶಕ್ತಿ ಗರಿಯ ಬಣ್ಣಕ್ಕೆ ಇಲ್ಲ. ಆದರೆ ಒಂದು ಮರಿಯ ಅಪ್ಪ ಯಾರು ಎಂದು ಹೇಳುವ ಶಕ್ತಿ ಅದಕ್ಕೆ ಚೆನ್ನಾಗಿಯೇ ಇದೆ. ನಾವು ಇಲ್ಲದ ಶಕ್ತಿಯನ್ನು ನಂಬಿ, ಇರುವ ಶಕ್ತಿಯನ್ನು ಬಳಸದೆ ಬಿಟ್ಟಿದ್ದೇವೆ. ಇದರಿಂದ ಕೊಳ್ಳುವವರಿಗೆ ಆಗುವ ನಷ್ಟ ಚಿಕ್ಕದು, ಜವಾರಿ ಕೋಳಿಗೇ ಆಗುವ ನಷ್ಟ ದೊಡ್ಡದು ಎಂಬುದು ನನ್ನ ವಾದ.

ಹಿತ್ತಲ ಕೋಳಿ ಇಂದು ಹಳೆಯ ಕಾಲದ ಉಳಿಕೆಯಾಗಿ ಉಳಿದಿಲ್ಲ. 2019ರ ಇಪ್ಪತ್ತನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲಲ್ಲಿ ಸಾಕುವ ಕೋಳಿಗಳು ಸುಮಾರು 31.7 ಕೋಟಿ, 2012ರ ಗಣತಿಗೆ ಹೋಲಿಸಿದರೆ ಶೇಕಡಾ 46ರಷ್ಟು ಏರಿಕೆ. ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು ಎಂದು ಬಹುಕಾಲ ಕರೆಸಿಕೊಂಡು 2021ರಿಂದ ವಿಜಯನಗರ ಜಿಲ್ಲೆಯಾದ ಈ ಸೀಮೆಯಲ್ಲಿ, ತುಂಗಭದ್ರೆಯ ನೀರು ತಾಗುವ ಅಂಚು ಬಿಟ್ಟರೆ ಉಳಿದದ್ದು ಮಳೆ ನಂಬಿದ ಹೊಲ. ಶೇಂಗಾ, ಮೆಕ್ಕೆಜೋಳ, ಜೋಳ, ನವಣೆ ಬೆಳೆಯುವ ಮನೆಗಳಲ್ಲಿ ಕಣದಲ್ಲಿ ಉದುರಿದ ಕಾಳು, ತಿಪ್ಪೆಯ ಹುಳ ಹೆಕ್ಕಿ ತಾನೇ ಹೊಟ್ಟೆ ತುಂಬಿಸಿಕೊಳ್ಳುವ ಕೋಳಿ ಹೆಣ್ಣುಮಕ್ಕಳ ಕೈಯ ದುಡ್ಡು. ಆ ದುಡ್ಡಿನ ಲೆಕ್ಕ ನಿಂತಿರುವುದು ಜವಾರಿ ಎಂಬ ಹೆಸರಿಗೆ ಸಿಗುವ ಹೆಚ್ಚಿನ ಬೆಲೆಯ ಮೇಲೆ. ಆದ್ದರಿಂದ ಆ ಹೆಸರನ್ನು ಯಾವ ಆಧಾರದಿಂದ ಕೊಡುತ್ತೇವೆ ಎಂಬ ಪ್ರಶ್ನೆ ಶಾಸ್ತ್ರಕ್ಕೂ ಸಂತೆಗೂ ಒಟ್ಟಿಗೇ ಸೇರಿದ್ದು.

ಮೊದಲು ಬಣ್ಣ ಹುಟ್ಟುವ ಬಗೆ. ಕೋಳಿಯ ಗರಿಯಲ್ಲಿ ಕಾಣುವ ಅಷ್ಟೂ ವೈವಿಧ್ಯಕ್ಕೆ ಮೂಲದಲ್ಲಿ ಇರುವುದು ಎರಡೇ ವರ್ಣದ್ರವ್ಯ. ಒಂದು ಕರಿ ಮೆಲನಿನ್, ಇನ್ನೊಂದು ಕೆಂಪು ಹಳದಿ ಮೆಲನಿನ್. ಯಾವುದನ್ನು ಎಲ್ಲಿ, ಎಷ್ಟು, ಯಾವಾಗ ಸುರಿಯಬೇಕು ಎಂಬುದನ್ನು ಕೆಲವೇ ಜೀನುಗಳು ನಿರ್ಧರಿಸುತ್ತವೆ. ಎಂಸಿ1ಆರ್ ಎಂಬ ಜೀನು ಕರಿಗೋ ಕೆಂಪಿಗೋ ಎಂಬ ಮುಖ್ಯ ಕೀಲಿ ತಿರುಗಿಸುತ್ತದೆ. ಅದರ ಒಂದು ರೂಪ ಇದ್ದರೆ ಮೈಯೆಲ್ಲ ಕರಿ. ಅದರ ಮೂಲ ರೂಪ ಇದ್ದರೆ ಕಾಡುಕೋಳಿಯ ಬಣ್ಣ: ಹುಂಜಕ್ಕೆ ಕೆಂಪು ಕುತ್ತಿಗೆ, ಕರಿ ಎದೆ, ಹಸಿರು ಹೊಳಪಿನ ಬಾಲ, ಹೇಂಟೆಗೆ ಒಣಹುಲ್ಲಿನ ನಡುವೆ ಕಾಣದಂಥ ಕಂದು ಗೆರೆಗಳು, ಮರಿಗೆ ಅಳಿಲಿನ ಬೆನ್ನಿನ ಪಟ್ಟೆ. ಎಸ್‌ಎಲ್‌ಸಿ45ಎ2 ಎಂಬ ಇನ್ನೊಂದು ಜೀನು ಕೆಂಪನ್ನು ಅಳಿಸಿ ಬೆಳ್ಳಿ ಮಾಡುತ್ತದೆ. ಪಿಎಂಇಎಲ್ ಎಂಬುದರ ಒಂದು ರೂಪ ಕರಿಯನ್ನು ಒತ್ತಿಹಿಡಿದು ಬಿಳಿ ಮಾಡುತ್ತದೆ. ಮತ್ತೊಂದು ಜೀನು ಪ್ರತಿ ಗರಿಗೂ ಅಡ್ಡ ಪಟ್ಟೆ ಹಾಕುತ್ತದೆ. ಇವುಗಳ ಹೆಸರು ನೆನಪಿಡಬೇಕಾಗಿಲ್ಲ. ನೆನಪಿಡಬೇಕಾದದ್ದು ಇವುಗಳ ಸಂಖ್ಯೆ ಎಷ್ಟು ಕಡಿಮೆ ಎಂಬುದು. ಸಂತೆಯಲ್ಲಿ ಕಾಣುವ ಬಣ್ಣಗಳಲ್ಲಿ ಬಹುಪಾಲನ್ನು ಬೆರಳೆಣಿಕೆಯ ಜೀನುಗಳ ಜೋಡಣೆಯಿಂದಲೇ ವಿವರಿಸಿಬಿಡಬಹುದು.

ಇಷ್ಟು ಕಡಿಮೆ ಇರುವುದರಿಂದಲೇ ಆನುವಂಶಿಕತೆಯ ಶಾಸ್ತ್ರ ಪ್ರಾಣಿಗಳ ಮಟ್ಟಿಗೆ ಕೋಳಿಯಿಂದ ಶುರುವಾಯಿತು. ಬಟಾಣಿ ಗಿಡದಲ್ಲಿ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಎರಡೇ ವರ್ಷದಲ್ಲಿ, 1902ರಲ್ಲಿ, ವಿಲಿಯಂ ಬೇಟ್ಸನ್ ಅವೇ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆ ಎಂದು ತೋರಿಸಿದ್ದು ಕೋಳಿಯ ಜುಟ್ಟಿನ ಮೂಲಕ. ಆಮೇಲೆ ಅವರೂ ಅವರ ಸಹೋದ್ಯೋಗಿ ಪನೆಟ್ಟರೂ ಸೇರಿ ಬಣ್ಣಕ್ಕೆ ಕೈಹಾಕಿದರು. ಅವರು ಬಿಡಿಸಿದ ಒಗಟು ನಮ್ಮ ಹಿತ್ತಲಿನದೂ ಹೌದು. ಬೂದಿ ಬಣ್ಣದ ಹುಂಜಕ್ಕೆ ಬೂದಿ ಬಣ್ಣದ ಹೇಂಟೆ ಬಿಟ್ಟರೆ ಮರಿಗಳೆಲ್ಲ ಬೂದಿಯಾಗಬೇಕಲ್ಲ? ಆಗುವುದಿಲ್ಲ. ಹೆಚ್ಚು ಕಡಿಮೆ ಅರ್ಧ ಬೂದಿ, ಕಾಲು ಭಾಗ ಕರಿ, ಉಳಿದ ಕಾಲು ಭಾಗ ಅಲ್ಲಲ್ಲಿ ಮಸಿ ಚಿಮ್ಮಿದ ಮಾಸಲು ಬಿಳಿ. ಎಷ್ಟು ತಲೆಮಾರು ಆರಿಸಿದರೂ ಹೀಗೇ. ಕರಿಯನ್ನು ತಿಳಿಗೊಳಿಸುವ ಜೀನಿನ ಒಂದೇ ಪ್ರತಿ ಇದ್ದಾಗ ಬೂದಿ, ಎರಡು ಪ್ರತಿ ಇದ್ದಾಗ ಮಾಸಲು ಬಿಳಿ, ಒಂದೂ ಇಲ್ಲದಿದ್ದಾಗ ಕರಿ. ಬೂದಿ ಎಂಬುದು ಯಾವತ್ತೂ ಅರ್ಧ ದಾರಿಯಲ್ಲಿ ನಿಂತ ಬಣ್ಣ. ಎಲ್ಲ ಮರಿಯೂ ಬೂದಿಯಾಗಿಯೇ ಹುಟ್ಟಬೇಕೆಂದರೆ ಬೂದಿಯನ್ನು ಬಿಟ್ಟು, ಯಾರೂ ಇಷ್ಟಪಡದ ಆ ಮಾಸಲು ಬಿಳಿಯನ್ನು ಕರಿಯ ಜೊತೆ ಕೂಡಿಸಬೇಕು. ಕಣ್ಣಿಗೆ ಕಂಡ ಬಣ್ಣವನ್ನೇ ಆರಿಸಿಕೊಂಡವರಿಗೆ ಬೇಕಾದದ್ದು ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಬಿಳಿಯ ಕಥೆ ಇನ್ನೂ ಗೋಜಲು, ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರ. ಬಿಳಿಯಲ್ಲಿ ಎರಡು ಬಗೆ. ಬಿಳಿ ಲೆಗ್‌ಹಾರ್ನ್‌ನ ಬಿಳಿ ಪ್ರಬಲವಾದದ್ದು. ಒಂದೇ ಪ್ರತಿ ಇದ್ದರೂ ಸಾಕು, ಅಡಿಯಲ್ಲಿರುವ ಕರಿಯನ್ನೂ ಪಟ್ಟೆಯನ್ನೂ ಮುಚ್ಚುತ್ತದೆ. ಬಿಳಿ ಪ್ಲೈಮೌತ್ ರಾಕ್‌ನ ಬಿಳಿ ದುರ್ಬಲ. ಎರಡೂ ಪ್ರತಿ ಸೇರಿದಾಗ ಮಾತ್ರ ಬಣ್ಣ ತಯಾರಾಗುವುದೇ ನಿಂತು ಬಿಳಿಯಾಗುತ್ತದೆ. ಈ ಎರಡು ತಳಿಗಳನ್ನು ಕೂಡಿಸಿದರೆ ಮಕ್ಕಳೆಲ್ಲ ಬಿಳಿ, ಹೆಚ್ಚೆಂದರೆ ಒಂದೆರಡು ಕರಿ ಚುಕ್ಕೆ. ಆ ಮಕ್ಕಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಮೊಮ್ಮಕ್ಕಳಲ್ಲಿ 16ಕ್ಕೆ 13 ಬಿಳಿ, 3 ಬಣ್ಣದವು. ಅಜ್ಜ ಅಜ್ಜಿಯರೆಲ್ಲ ಬಿಳಿ, ಅಪ್ಪ ಅಮ್ಮ ಬಿಳಿ, ಮೊಮ್ಮಗ ಮಾತ್ರ ಕರಿಯೋ ಪಟ್ಟೆಯದೋ. ಈ ಹದಿನಾರರಲ್ಲಿ ಮೂರರ ಮೈಯಲ್ಲಿ ಜವಾರಿ ರಕ್ತ ಒಂದು ಹನಿಯೂ ಇಲ್ಲ, ಸಂತೆಯಲ್ಲಿ ಮಾತ್ರ ಅವೇ ಜವಾರಿ. ಡಾರ್ವಿನ್ ಕೂಡ ಇಂಥದ್ದನ್ನೇ ಕಂಡಿದ್ದರು. ಕರಿ ಸ್ಪ್ಯಾನಿಷ್ ಹುಂಜವನ್ನು ಬಿಳಿ ಸಿಲ್ಕಿ ಹೇಂಟೆಯೊಂದಿಗೆ ಕೂಡಿಸಿದಾಗ ಹುಟ್ಟಿದ ಒಂದು ಹುಂಜ ಬೆಳೆದಂತೆ ಕೆಂಪು ಕಾಡುಕೋಳಿಯ ಬಣ್ಣ ತಾಳಿತೆಂದು 1868ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಎಲ್ಲ ಸಾಕುಕೋಳಿಗಳೂ ಕಾಡುಕೋಳಿಯಿಂದ ಬಂದವು ಎಂಬುದಕ್ಕೆ ಅವರು ಇದನ್ನು ಸಾಕ್ಷಿ ಮಾಡಿಕೊಂಡರು. ನಮ್ಮ ವಾದಕ್ಕೂ ಇದು ಸಾಕ್ಷಿ: ಹಳೆಯ ಬಣ್ಣ ಯಾವ ತಳಿಯ ಒಡಲಲ್ಲೂ ಅಡಗಿರಬಹುದು, ಕೂಡಿಕೆ ಬದಲಾದಾಗ ಹೊರಬರಬಹುದು.

ಕಾಲಿನ ಹಳದಿ ಬಣ್ಣದ ಮಾತೂ ಹೀಗೆಯೇ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಸಾಕುಕೋಳಿಯ ಹಳದಿ ಚರ್ಮದ ಜೀನು ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದಿರುವ ಸಂಭವವೇ ಹೆಚ್ಚು ಎಂದು ತೋರಿಸಿತು. ನಮ್ಮ ಘಟ್ಟದ ಕಾಡಿನ ಕೊಡುಗೆ ಎಂದು ಹೆಮ್ಮೆ ಪಡಬಹುದು. ಆದರೆ ಅದೇ ಹಳದಿ ಕಾಲು ಇಟಲಿ ಮೂಲದ ಲೆಗ್‌ಹಾರ್ನ್‌ಗೂ ಇದೆ, ಅಮೆರಿಕದ ರೋಡ್ ಐಲ್ಯಾಂಡ್ ರೆಡ್‌ಗೂ ಇದೆ. ಊರ ಗುರುತು ಲೋಕ ಸುತ್ತಿ ಬಂದ ಮೇಲೆ ಊರಿನ ಗುರುತಾಗಿ ಉಳಿಯುವುದಿಲ್ಲ.

ಇನ್ನು ಬಣ್ಣವನ್ನು ಬೇಕೆಂದೇ ಕೂರಿಸಿದ ಕೋಳಿಗಳತ್ತ ನೋಡೋಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಲ್ಲಿ ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದ ಗಿರಿರಾಜ, ಬೀದರಿನಲ್ಲಿ ಕೇಂದ್ರವಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯ 2005ರಲ್ಲಿ ಕೊಟ್ಟ ಸ್ವರ್ಣಧಾರಾ, ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ ಮತ್ತು ಗ್ರಾಮಪ್ರಿಯಾ, ಇವೆಲ್ಲವೂ ಬಣ್ಣದ ಕೋಳಿಗಳೇ. ಹಳ್ಳಿಯವರು ಬಿಳಿ ಕೋಳಿಯನ್ನು ಹಿತ್ತಲಿಗೆ ಸೇರಿಸುವುದಿಲ್ಲ, ಹದ್ದಿನ ಕಣ್ಣಿಗೂ ಬಿಳಿ ಬೇಗ ಬೀಳುತ್ತದೆ ಎಂಬ ಎರಡೂ ಕಾರಣಕ್ಕೆ ವಿಜ್ಞಾನಿಗಳು ಬಣ್ಣವನ್ನು ಆರಿಸಿಕೊಂಡರು. ಇದರಲ್ಲಿ ಮೋಸವೇನೂ ಇಲ್ಲ, ಒಳ್ಳೆಯ ಕೆಲಸವೇ. ಜವಾರಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಸ್ವರ್ಣಧಾರಾ 180ರಿಂದ 190 ಇಡಬಲ್ಲದು. ಮೊಟ್ಟೆ ಮಾರಬೇಕೆಂದು ಸಾಕುವವರಿಗೆ ನಾನು ಇವನ್ನೇ ಶಿಫಾರಸು ಮಾಡುತ್ತೇನೆ. ಆದರೆ ಇವು ಮಿಶ್ರತಳಿಗಳು. ಇವುಗಳ ಮರಿಗಳಲ್ಲಿ ಆ ಇಳುವರಿ ಹಾಗೆಯೇ ಮುಂದುವರಿಯುವುದಿಲ್ಲ, ಕಾವಿಗೆ ಕೂರುವ ಗುಣವನ್ನು ಹೆಚ್ಚಾಗಿ ಕಳೆದುಕೊಂಡಿವೆ, ಪ್ರತಿ ಸಲ ಹೊಸ ಮರಿ ಹೊರಗಿನಿಂದಲೇ ತರಬೇಕು. ಕೆಡುಕು ಶುರುವಾಗುವುದು ಇವನ್ನು ಜವಾರಿ ಎಂದು ಮಾರಿದಾಗ. ಇನ್ನೂ ಹೆಚ್ಚಾಗಿ, ಜವಾರಿ ಎಂದು ನಂಬಿ ಇವುಗಳ ಹುಂಜವನ್ನು ಹಿತ್ತಲಿಗೆ ಬಿಟ್ಟುಕೊಂಡಾಗ. (ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಅದ್ದಿ ಮಕ್ಕಳಿಗೆ ಮಾರುವ ಮರಿಗಳು ಈ ದೃಷ್ಟಿಯಿಂದ ಎಷ್ಟೋ ಪ್ರಾಮಾಣಿಕ. ಅವು ಮೊಟ್ಟೆ ಫಾರಂಗಳಿಗೆ ಬೇಡವಾದ ಗಂಡು ಮರಿಗಳು. ಗರಿ ಬಂದಂತೆ ಬಣ್ಣ ತಾನೇ ಹೋಗುತ್ತದೆ.)

ಒಂದು ಸಣ್ಣ ಲೆಕ್ಕ ಮಾಡಿದರೆ ಬಣ್ಣ ಎಷ್ಟು ಅಗ್ಗದ ವಸ್ತು ಎಂದು ತಿಳಿಯುತ್ತದೆ. ಜವಾರಿ ಹುಂಜದ ಮೈಗರಿಯ ಕರಿಯಂಥ ಒಂದು ಪ್ರಬಲ ಬಣ್ಣವನ್ನು ದುರ್ಬಲ ಬಿಳಿಯ ಫಾರಂ ಮಾಂಸದ ಕೋಳಿಯ ಮೈಗೆ ತರಬೇಕು ಎನ್ನಿ. ಮೊದಲ ಕೂಡಿಕೆಯ ಮರಿಯಲ್ಲಿ ಜವಾರಿ ಪಾಲು ಅರ್ಧ. ಅದರಲ್ಲಿ ಬಣ್ಣದ್ದನ್ನು ಆರಿಸಿ ಮತ್ತೆ ಫಾರಂ ಸಾಲಿಗೇ ಕೂಡಿಸಿದರೆ ಕಾಲು, ಇನ್ನೊಮ್ಮೆ ಕೂಡಿಸಿದರೆ ಎಂಟನೇ ಒಂದು, ಮತ್ತೊಮ್ಮೆ ಕೂಡಿಸಿದರೆ ಹದಿನಾರನೇ ಒಂದು. ಕೋಳಿ ಆರು ಏಳು ತಿಂಗಳಿಗೆ ಮರಿ ಮಾಡುವ ವಯಸ್ಸಿಗೆ ಬರುತ್ತದೆ. ಎರಡೂವರೆ ವರ್ಷದೊಳಗೆ ಬಣ್ಣವೆಲ್ಲ ಜವಾರಿಯದು, ಮೈಯಲ್ಲಿ 16ಕ್ಕೆ 15 ಪಾಲು ಫಾರಂನದು ಎಂಬ ಕೋಳಿ ತಯಾರು. ಈಗ ಲೆಕ್ಕವನ್ನು ತಿರುಗಿಸಿ. ಊರಿಗೆ ಯಾವಾಗಲೋ ಬಂದ ಒಂದು ಬಿಳಿ ಲೆಗ್‌ಹಾರ್ನ್ ಹುಂಜದ ಮೊಮ್ಮಗಳ ಮೊಮ್ಮಗಳು, ನಡುವಿನ ಅಷ್ಟೂ ಕೂಡಿಕೆ ಕರಿ ಜವಾರಿ ಹುಂಜಗಳ ಜೊತೆಗೇ ಆಗಿದ್ದರೂ, ಪ್ರಬಲ ಬಿಳಿಯ ಒಂದು ಪ್ರತಿ ಉಳಿದಿದ್ದರೆ ಬಿಳಿಯಾಗಿಯೇ ಇರುತ್ತಾಳೆ. ಮೈಯಲ್ಲಿ ಹದಿನೈದು ಪಾಲು ಜವಾರಿ; ಕಾವಿಗೆ ಕೂರುತ್ತಾಳೆ, ಮರಿ ಸಾಕುತ್ತಾಳೆ. ಸಂತೆ ಅವಳನ್ನು ಫಾರಂ ಎಂದು ಕಡಿಮೆ ಬೆಲೆಗೆ ತೂಗುತ್ತದೆ, ಪಕ್ಕದ ಬುಟ್ಟಿಯ ಹದಿನಾರನೇ ಒಂದು ಪಾಲಿನವನನ್ನು ಹೆಚ್ಚಿನ ಬೆಲೆಗೆ ಕೊಳ್ಳುತ್ತದೆ. ಕಂಬಳಿಯ ಅಂಚು ನೋಡಿ ಉಣ್ಣೆಯ ಗುಣ ಹೇಳಿದ ಹಾಗೆ. ಬೆಲೆ ಸಿಗದ ಬಿಳಿ ಹೇಂಟೆಯನ್ನು ಮನೆಯವರು ಹಬ್ಬಕ್ಕೆ ಕೊಯ್ಯುತ್ತಾರೆ, ಬಣ್ಣದ ದಪ್ಪ ಹುಂಜವನ್ನು ತಳಿಗೆಂದು ಉಳಿಸಿಕೊಳ್ಳುತ್ತಾರೆ. ಬಣ್ಣದ ಮೇಲಿನ ಪ್ರೀತಿಯೇ ಹೀಗೆ ಜವಾರಿ ಗುಣವನ್ನು ಹಿತ್ತಲಿನಿಂದ ಹೊರದೂಡುತ್ತದೆ.

ಆ ಗುಣ ಯಾವುದು? ಕೃತಕ ಕಾವಿನ ಯಂತ್ರವಿಲ್ಲದೆ ಮೊಟ್ಟೆ ಒಡೆದು ಮರಿ ಮಾಡುವುದು, ಇಪ್ಪತ್ತೊಂದು ದಿನ ಹೊಟ್ಟೆಗೆ ಸರಿಯಾಗಿ ತಿನ್ನದೆ ಬುಟ್ಟಿಯಲ್ಲಿ ಕೂರುವುದು, ಹದ್ದು ಸುತ್ತಿದಾಗ ಕೂಗಿ ಮರಿಗಳನ್ನು ರೆಕ್ಕೆಯಡಿ ಕರೆಯುವುದು, ರಾತ್ರಿ ಮರ ಹತ್ತಿ ಕೂರುವುದು, ಬೇಸಿಗೆಯಲ್ಲಿ ಬೇಲಿಯ ನೆರಳಲ್ಲೇ ದಿನ ದೂಡುವುದು. ಇವುಗಳ ಹಿಂದೆ ಹಲವು ಜೀನುಗಳು, ಪ್ರೊಲ್ಯಾಕ್ಟಿನ್‌ನಂಥ ಹಾರ್ಮೋನು, ತಾಯಿಯಿಂದ ಕಲಿತ ನಡತೆ ಎಲ್ಲ ಸೇರಿವೆ. ಹಲವು ಜೀನುಗಳ ಗುಣ ಎರಡು ಕೂಡಿಕೆಗಳಲ್ಲಿ ಕರಗಿಹೋಗಬಹುದು. ಅದನ್ನು ಮರಳಿ ಕಟ್ಟಲು ಎಷ್ಟೋ ತಲೆಮಾರು ಬೇಕು. ಒಂದೇ ಜೀನಿನ ಬಣ್ಣ ಹಾಗಲ್ಲ, ಹೋದಷ್ಟೇ ಬೇಗ ಬರುತ್ತದೆ. ಬೇಗ ಬಂದು ಬೇಗ ಹೋಗುವುದನ್ನು ನಿಧಾನಕ್ಕೆ ಕಟ್ಟುವುದರ ಗುರುತೆಂದು ಹಿಡಿದದ್ದೇ ನಮ್ಮ ತಪ್ಪು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಮೊದಲನೆಯದು ಸಂತೆಯವರದೇ: ಇಷ್ಟು ಕಾಲ ಬಣ್ಣ ನೋಡಿ ಕೊಂಡವರೆಲ್ಲ ದಡ್ಡರೇ? ಅಲ್ಲ. ಫಾರಂ ಕೋಳಿ ಎಂದರೆ ಬಿಳಿ ಲೆಗ್‌ಹಾರ್ನ್ ಮತ್ತು ಬಿಳಿ ಬ್ರಾಯ್ಲರ್ ಮಾತ್ರ ಎಂದಿದ್ದ ಕಾಲದಲ್ಲಿ ಬಣ್ಣ ನಂಬಿಕೆಗೆ ತಕ್ಕ ಗುರುತಾಗಿತ್ತು. ಆ ನಂಬಿಕೆಯಲ್ಲಿ ಲಾಭ ಇದೆ ಎಂದು ಗೊತ್ತಾದ ದಿನದಿಂದ ಬಣ್ಣದ ಫಾರಂ ಕೋಳಿಗಳು ಬಂದವು. ಇಂದು ಪೇಟೆಯ ಅಂಗಡಿಗಳಲ್ಲಿ ಗಿರಿರಾಜ ಎಂಬ ಹೆಸರೇ ಹೆಬ್ಬಾಳಕ್ಕೆ ಸಂಬಂಧವಿಲ್ಲದ ಎಷ್ಟೋ ಬಣ್ಣದ ಕೋಳಿಗಳಿಗೆ ಅಂಟಿಕೊಂಡಿದೆ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯದು. ಕಂದು ಹೇಂಟೆ ಬೇಲಿಯಡಿ ಮೊಟ್ಟೆಯ ಮೇಲೆ ಕೂತರೆ ಮುಂಗುಸಿಗೂ ಕಾಣುವುದಿಲ್ಲ, ಬಿಳಿಯದು ದೂರದಿಂದಲೇ ಕಾಣುತ್ತದೆ. ಹಾಗಾದರೆ ಬಣ್ಣ ಬದುಕಿನ ಗುಣವೇ ಆಯಿತಲ್ಲ? ಒಪ್ಪುತ್ತೇನೆ, ಹೇಂಟೆಯ ಮಟ್ಟಿಗೆ, ಬಯಲಲ್ಲಿ ಕಾವು ಕೂರುವ ಕಡೆ. ಹುಂಜಕ್ಕೆ ಇದು ಅನ್ವಯಿಸುವುದಿಲ್ಲ. ಕಾಡುಕೋಳಿಯ ಹುಂಜವೇ ಕಣ್ಣು ಕುಕ್ಕುವ ಬಣ್ಣದ್ದು. ಸಂತೆ ಹೆಚ್ಚು ಬೆಲೆ ಕೊಡುವುದು ಈ ಕುಕ್ಕುವ ಹುಂಜಕ್ಕೇ ಹೊರತು ಮರೆಯಾಗುವ ಕಂದು ಹೇಂಟೆಗೆ ಅಲ್ಲ. ಇನ್ನು ಬುಟ್ಟಿಯೊಳಗೆ ಕಾವು ಕೂರಿಸುವ ಮನೆಯಲ್ಲಿ ಮೊಟ್ಟೆಯ ಮೇಲೆ ಕೂತ ಹೇಂಟೆಯ ಬಣ್ಣ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮೂರನೆಯ ಆಕ್ಷೇಪ ಶಾಸ್ತ್ರ ಓದಿದವರದು: ಬಣ್ಣದ ಜೀನು ಬಣ್ಣವನ್ನು ಮಾತ್ರ ಮಾಡುತ್ತದೆ ಎಂದು ಯಾಕೆ ಹೇಳುತ್ತೀರಿ, ಒಂದು ಜೀನು ಹಲವು ಕೆಲಸ ಮಾಡಬಹುದಲ್ಲ? ಮಾಡಬಹುದು. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ವರದಿಯ ಪ್ರಕಾರ, ಗರಿ ಕುಕ್ಕಿ ಕೀಳುವ ಕೋಳಿಗಳ ಗುಂಪಿನಲ್ಲಿ ಪ್ರಬಲ ಬಿಳಿಯ ಪ್ರತಿ ಇಲ್ಲದ ಬಣ್ಣದ ಕೋಳಿಗಳೇ ಹೆಚ್ಚು ಕುಕ್ಕಿಸಿಕೊಳ್ಳುತ್ತವೆ. ಅಂದರೆ ಬಣ್ಣಕ್ಕೂ ಮೈಗಾಗುವ ಗಾಯಕ್ಕೂ ನಂಟಿದೆ. ಗರಿಯ ಇನ್ನೊಂದು ಜೀನಿನ ನಂಟು ಈ ಬಿಸಿಲು ಸೀಮೆಗೆ ಇನ್ನೂ ಮುಖ್ಯ. ಬೋಳು ಕುತ್ತಿಗೆಯ ಕೋಳಿಯನ್ನು ನೋಡಿ ರೋಗವೆಂದು ಹಿಂಜರಿಯುವವರಿದ್ದಾರೆ. ಅದು ಒಂದೇ ಜೀನಿನ ಕೆಲಸ. ಎರಡು ಪ್ರತಿ ಇದ್ದರೆ ಮೈಗರಿ ಶೇಕಡಾ 40ರಷ್ಟು ಕಡಿಮೆ, ಒಂದೇ ಪ್ರತಿ ಇದ್ದರೆ ಶೇಕಡಾ 20ರಿಂದ 30. ಗರಿ ಕಡಿಮೆ ಇದ್ದಷ್ಟು ಮೈಯ ಕಾವು ಸುಲಭವಾಗಿ ಹೊರಹೋಗುತ್ತದೆ. ಬಳ್ಳಾರಿ ಸೀಮೆಯ ಏಪ್ರಿಲ್ ಮೇ ತಿಂಗಳ ಬಿಸಿಲಲ್ಲಿ ಇದು ಬದುಕಿನ ಪ್ರಶ್ನೆ. ನೋಡಲು ಚೆಂದವಿಲ್ಲವೆಂದು ನಾವು ತಳಿಯಿಂದ ತೆಗೆದುಹಾಕುವುದು ಇದನ್ನೇ! ಆದ್ದರಿಂದ ಮೂರನೆಯ ಆಕ್ಷೇಪ ನನ್ನ ವಾದವನ್ನು ತಿದ್ದುತ್ತದೆ, ಬೀಳಿಸುವುದಿಲ್ಲ. ಗರಿಗೂ ಬದುಕಿಗೂ ನಂಟು ಇರುವ ಕಡೆ ಅದನ್ನು ಒಂದೊಂದಾಗಿ ತೋರಿಸಬೇಕು; ಕಾವು ಕೂರುವ ಗುಣಕ್ಕೂ ಕೆಂಪು ಗರಿಗೂ ಅಂಥ ನಂಟನ್ನು ಯಾರೂ ತೋರಿಸಿಲ್ಲ.

ಈಗ ಬಣ್ಣ ನಿಜವಾಗಿ ಏನು ಹೇಳಬಲ್ಲದು ಎಂಬ ಮಾತಿಗೆ ಬರುತ್ತೇನೆ. ಹಿತ್ತಲ ಕೋಳಿಯ ದೊಡ್ಡ ಕಷ್ಟ ಒಳಸಂಬಂಧ. ಹತ್ತು ಹೇಂಟೆಗೆ ಒಂದೇ ಹುಂಜ ಇರುವ ಮನೆಯಲ್ಲಿ ಹನ್ನೊಂದು ತಲೆ ಎಣಿಸಿದರೂ ಆನುವಂಶಿಕ ಲೆಕ್ಕಕ್ಕೆ ಅದು ಮೂರೂಮುಕ್ಕಾಲಕ್ಕಿಂತ ಕಡಿಮೆ, ಸರಿಯಾಗಿ ಹೇಳಿದರೆ 3.6 ಕೋಳಿಯ ಹಿಂಡು. ಪ್ರತಿ ತಲೆಮಾರಿಗೆ ಶೇಕಡಾ 14ರ ಸಮೀಪ ಒಳಸಂಬಂಧ ಏರುತ್ತದೆ. ಎರಡನೆಯ ಹುಂಜ ಬಂದು ಇಬ್ಬರೂ ಸಮವಾಗಿ ಮರಿ ಮಾಡಿದರೆ ಅದೇ ಹಿಂಡು 6.7ಕ್ಕೆ ಏರುತ್ತದೆ, ಒಳಸಂಬಂಧದ ಏರಿಕೆ ಶೇಕಡಾ ಏಳೂವರೆಗೆ ಇಳಿಯುತ್ತದೆ. ಆದರೆ ಹುಂಜಗಳಿಗೆ ನ್ಯಾಯ ಗೊತ್ತಿಲ್ಲ. ಗೆದ್ದವನದೇ ಹೆಚ್ಚಿನ ಮರಿ. ಹೊಸ ಹುಂಜ ನಿಜವಾಗಿ ಕೆಲಸ ಮಾಡುತ್ತಿದ್ದಾನೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಡ, ಬೇರೆ ಬಣ್ಣದ ಹುಂಜ ಸಾಕು. ಕಂದು ಹೇಂಟೆಗಳ ಹಿತ್ತಲಿಗೆ ಬೇರೆ ಊರಿನಿಂದ ಅಪ್ಪಟ ಕರಿ ಹುಂಜವೊಂದನ್ನು ತನ್ನಿ. ಅದರ ಮರಿಗಳು ಬಹುಮಟ್ಟಿಗೆ ಕರಿಯೇ ಆಗಿರುತ್ತವೆ. ಹುಂಜಮರಿಗಳ ಕುತ್ತಿಗೆಯಲ್ಲಿ ಮುಂದೆ ಒಂದಿಷ್ಟು ಕೆಂಪು ಎಳೆ ಕಾಣಬಹುದು. ಅಳಿಲು ಪಟ್ಟೆಯ ಮರಿ ಬಂದರೆ ಅದರ ಅಪ್ಪ ಹಳೆಯ ಹುಂಜ, ಇಲ್ಲವೇ ಪಕ್ಕದ ಮನೆಯದು. ಹುಂಜ ಅಪ್ಪಟ ಕರಿಯೋ ಬೆರಕೆ ಕರಿಯೋ ಎಂಬ ಸಂಶಯಕ್ಕೂ ಹಿತ್ತಲಲ್ಲೇ ಉತ್ತರ ಇದೆ. ಒಂದು ಕಂದು ಹೇಂಟೆಯ ಜೊತೆ ಅದೊಂದನ್ನೇ ಕೂಡಿಹಾಕಿ ಎಂಟು ಮರಿ ಮಾಡಿಸಿ. ಒಂದು ಮರಿ ಕಂದು ಬಂದರೂ ಹುಂಜ ಬೆರಕೆ. ಬೆರಕೆ ಹುಂಜದಿಂದ ಎಂಟಕ್ಕೆ ಎಂಟೂ ಕರಿ ಬರುವ ಸಂಭವ 256ರಲ್ಲಿ ಒಂದೇ. ಒಂದು ಎಚ್ಚರ ಮಾತ್ರ: ಹೇಂಟೆ ಹುಂಜದ ವೀರ್ಯವನ್ನು ಒಡಲಲ್ಲಿ ಎರಡು ಮೂರು ವಾರ ಕಾಪಿಟ್ಟುಕೊಳ್ಳುತ್ತದೆ. ಹಳೆಯ ಹುಂಜ ಹೋದ ಮಾರನೆಯ ದಿನ ಇಟ್ಟ ಮೊಟ್ಟೆಗೂ ಅಪ್ಪ ಅವನೇ. ಮೂರು ವಾರ ಕಳೆದ ಮೇಲಿನ ಮೊಟ್ಟೆಯನ್ನಷ್ಟೇ ಕಾವಿಗೆ ಇಡಬೇಕು.

ಇನ್ನೊಂದು ಉಪಯೋಗ ಹೆಣ್ಣು ಗಂಡು ಗುರುತಿಸುವುದು. ಮನುಷ್ಯರಲ್ಲಿ ಮಗುವಿನ ಲಿಂಗ ತಂದೆಯ ಕಡೆಯಿಂದ ನಿರ್ಧಾರವಾದರೆ ಕೋಳಿಯಲ್ಲಿ ತಾಯಿಯ ಕಡೆಯಿಂದ. ಹುಂಜಕ್ಕೆ ಜೆಡ್ ಎಂಬ ವರ್ಣತಂತು ಎರಡು, ಹೇಂಟೆಗೆ ಒಂದೇ. ಆ ಒಂದನ್ನು ಅವಳು ಪಡೆದದ್ದು ಅಪ್ಪನಿಂದ. ಗರಿಯ ಅಡ್ಡ ಪಟ್ಟೆಯ ಜೀನೂ ಚಿನ್ನ ಬೆಳ್ಳಿಯ ಜೀನೂ ಇದೇ ತಂತುವಿನ ಮೇಲಿವೆ. ಪಟ್ಟೆ ಹೇಂಟೆಗೆ ಪಟ್ಟೆ ಇಲ್ಲದ ಕರಿ ಹುಂಜವನ್ನು ಬಿಟ್ಟರೆ, ಮೊಟ್ಟೆಯೊಡೆದ ದಿನವೇ ಕರಿ ಮರಿಯ ನೆತ್ತಿಯ ಮೇಲೆ ಬಿಳಿ ಬೊಟ್ಟು ಇದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ಕೂಡಿಕೆಯನ್ನು ತಿರುವುಮುರುವು ಮಾಡಿದರೆ, ಅಂದರೆ ಹುಂಜ ಪಟ್ಟೆಯದಾಗಿ ಹೇಂಟೆ ಕರಿಯಾದರೆ, ಈ ಗುರುತು ಸಿಗುವುದಿಲ್ಲ. ಕೆಂಪು ಹುಂಜ, ಬೆಳ್ಳಿ ಹೇಂಟೆ ಕೂಡಿದಾಗಲೂ ಹಾಗೆಯೇ: ಹೆಣ್ಣುಮರಿಗಳು ಕೆಂಪು, ಗಂಡುಮರಿಗಳು ಮಾಸಲು ಬಿಳಿ. ದೊಡ್ಡ ಮೊಟ್ಟೆ ಕಂಪನಿಗಳ ಕಂದು ಮೊಟ್ಟೆಯ ಸಾಲುಗಳು ನಡೆಯುವುದು ಈ ನಿಯಮದ ಮೇಲೆ. ಮರಿ ಹಂತದಲ್ಲೇ ಹೆಣ್ಣೆಂದು ಗೊತ್ತಾದರೆ ಹಿತ್ತಲಿನವರು ಯಾವುದನ್ನು ಉಳಿಸಬೇಕು, ಯಾವುದನ್ನು ಮೊದಲು ಮಾರಬೇಕು ಎಂದು ಲೆಕ್ಕ ಹಾಕಬಹುದು. ಕೋಳಿ ಸಾಕುವ ಮನೆಯಲ್ಲಿ ಎಲ್ಲರ ಗಮನ ಹೇಂಟೆಯ ತಾಯಿಯ ಮೇಲೆ. ಈ ವರ್ಣತಂತುವಿನ ಮಟ್ಟಿಗೆ ಮಗಳು ಪೂರ್ತಿ ಅಪ್ಪನ ಮಗಳು. ಹುಂಜದ ಆಯ್ಕೆಗೆ ಇನ್ನಷ್ಟು ಬೆಲೆ ಬರಲು ಇದೂ ಒಂದು ಕಾರಣ.

ಹಾಗಿದ್ದರೆ ಬಣ್ಣವನ್ನೇ ಆಧಾರ ಮಾಡಿಕೊಂಡು ಈ ಸೀಮೆಯದೇ ಒಂದು ತಳಿ ಕಟ್ಟಬಾರದೇಕೆ, ಒಂದೇ ಕೆಂಪು, ಒಂದೇ ಮೈಕಟ್ಟು, ಹೆಸರು ಸಮೇತ? ಇದು ಉತ್ಸಾಹಿಗಳ ಪ್ರಶ್ನೆ, ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಇಂಗ್ಲೆಂಡಿನಲ್ಲಿ 1865ರಲ್ಲಿ ಟೆಗೆಟ್ಮಿಯರ್ ಸಂಪಾದಿಸಿದ ಪ್ರದರ್ಶನದ ಕೋಳಿಗಳ ಗುಣಮಟ್ಟದ ಪುಸ್ತಕ ಇದೇ ದಾರಿ ಹಿಡಿದಿತ್ತು: ಜುಟ್ಟು, ಕಿವಿಯ ಬಣ್ಣ, ಗರಿಯ ಗೆರೆ, ಎಲ್ಲಕ್ಕೂ ಅಂಕ. ಕಣ್ಣಿಗೆ ಕಾಣುವುದಕ್ಕೆ ಅಂಕ ಕೊಡುವ ಪ್ರದರ್ಶನದಲ್ಲಿ ಕಾವಿಗೆ ಕೂರುವುದಕ್ಕೆ ಅಂಕ ಕೊಡಲು ಜಾಗವೇ ಇರುವುದಿಲ್ಲ. ನಮ್ಮ ಕಡೆಯ ಅನುಭವ ಇನ್ನೊಂದು ಬಗೆಯದು. ಪೂರ್ವದ ಗಡಿಯಾಚೆ ತೆಲುಗು ಸೀಮೆಯ ಕುಕ್ಕುಟ ಶಾಸ್ತ್ರ ಹುಂಜಗಳನ್ನು ಕಾಕಿ, ಡೇಗ, ನೆಮಲಿ, ಸೇತುವ ಎಂದು ಬಣ್ಣದಿಂದ ವಿಂಗಡಿಸಿ ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆ ಎಂದು ಹೇಳುತ್ತದೆ. ಕಾದಾಟ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಫಲಜ್ಯೋತಿಷ್ಯದಲ್ಲಿ ನನಗೆ ನಂಬಿಕೆಯೂ ಇಲ್ಲ. ಆದರೆ ಒಂದು ಸಂಗತಿ ಗಮನಿಸಿ. ಅಸೀಲ್ ತಳಿಯಲ್ಲಿ ಕೆಂಪು ಹೊನ್ನಿನ ಪೀಲಾ, ಕರಿ ಕೆಂಪಿನ ಯಾಕೂಬ್, ಬಿಳಿ ನೂರಿ, ಕರಿ ಕಾಗರ್ ಎಲ್ಲ ಇವೆ, ಎಲ್ಲವೂ ಅಸೀಲೇ. ಅದನ್ನು ಉಳಿಸಿಕೊಂಡು ಬಂದವರು ಬಣ್ಣಕ್ಕೆ ಹೆಸರು ಕೊಟ್ಟರು, ತಳಿಯನ್ನು ಗುರುತಿಸಿದ್ದು ಮಾತ್ರ ಎತ್ತರ, ನಿಲುವು, ಕಾಲಿನ ಬಲ, ಛಲದಿಂದ. ಬಣ್ಣ ಬಿಟ್ಟು ಗುಣ ಹಿಡಿದು ತಳಿ ಉಳಿಸಬಹುದು ಎಂಬುದಕ್ಕೆ ಹೊರದೇಶದ ಉದಾಹರಣೆ ಹುಡುಕಬೇಕಾಗಿಲ್ಲ. ಐದು ತಾಲ್ಲೂಕಿನ ಜವಾರಿ ಕೋಳಿಯನ್ನು ಒಂದೇ ಬಣ್ಣಕ್ಕೆ ತಂದರೆ, ಆ ಬಣ್ಣದ ಕೆಲವೇ ಹುಂಜಗಳಿಗೆ ಇಡೀ ಸೀಮೆಯ ಹೇಂಟೆಗಳನ್ನು ಕಟ್ಟಿಹಾಕಿದಂತಾಗುತ್ತದೆ. ಹಿಂದೆ ಹೇಳಿದ 3.6ರ ಲೆಕ್ಕ ಒಂದು ಮನೆಯಿಂದ ಇಡೀ ಸೀಮೆಗೆ ಹಬ್ಬುತ್ತದೆ.

ಕೊನೆಯ ಆಕ್ಷೇಪ ವ್ಯವಹಾರದ್ದು. ನಾಲ್ಕು ಕೋಳಿ ಸಾಕುವ ಹೆಣ್ಣುಮಗಳು ಹುಂಜದ ವಂಶ, ಮೂರು ವಾರದ ಗಡುವು, ನೆತ್ತಿಯ ಬೊಟ್ಟು ಇದನ್ನೆಲ್ಲ ಯಾಕೆ ಲೆಕ್ಕ ಇಡುತ್ತಾಳೆ, ಸಂತೆ ಕೊಡುವುದು ಬಣ್ಣಕ್ಕೇ ದುಡ್ಡು ತಾನೆ? ಆಕೆ ಈಗಾಗಲೇ ಇಡುವ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಯಾವ ಹೇಂಟೆ ಎಷ್ಟು ಮೊಟ್ಟೆಗೆ ಕಾವು ಬಿಟ್ಟು ಎದ್ದಿತು, ಯಾವುದು ಕೊಕ್ಕರೆ ರೋಗ ಬಂದ ವರ್ಷ ಉಳಿಯಿತು ಎಂದು ಹೇಳಲು ಆಕೆಗೆ ಪುಸ್ತಕ ಬೇಡ. ಪಶುಪಾಲನಾ ಇಲಾಖೆ ಕೊಕ್ಕರೆ ರೋಗದ ಲಸಿಕೆ ಹಾಕಲು ಊರಿಗೆ ಬಂದಾಗಲೇ ಹುಂಜ ಬದಲಾಯಿಸುವ ಏರ್ಪಾಡನ್ನೂ ಅದರ ಜೊತೆ ಇಟ್ಟರೆ ಹೊಸ ಯೋಜನೆ, ಹೊಸ ಖರ್ಚು ಬೇಕಾಗಿಲ್ಲ. ಕೂಡ್ಲಿಗಿಯ ಕರಿ ಹುಂಜ ಹಡಗಲಿಗೆ, ಹರಪನಹಳ್ಳಿಯ ಪಟ್ಟೆ ಹುಂಜ ಕೊಟ್ಟೂರಿಗೆ, ಕಾವು ಕೂತ ತಾಯಿಯ ಮಗನೇ ಎಂದು ಕೇಳಿ ಕಳಿಸಿದರೆ ಆಯಿತು. ಬಣ್ಣಕ್ಕೆ ದುಡ್ಡು ಕೊಡುವ ಸಂತೆಗೂ ಒಂದು ಮದ್ದಿದೆ, ಅದು ಸಂತೆಯ ಒಳಗೇ ಇದೆ. ಈಗ ಹೇಂಟೆಯನ್ನು ಒಂಟಿಯಾಗಿ, ಮರಿಗಳನ್ನು ಬೇರೆ ಬುಟ್ಟಿಯಲ್ಲಿ ಮಾರುತ್ತಾರೆ. ತಾನೇ ಕಾವು ಕೂತು ಒಡೆದ ಮರಿಗಳ ಸಮೇತ ತಾಯಿಯನ್ನು ಒಂದೇ ಬುಟ್ಟಿಯಲ್ಲಿ ಮಾರಲಿ. ಬುಟ್ಟಿ ಬಿಚ್ಚಿದ ಕೂಡಲೇ ಮರಿಗಳು ಅವಳ ರೆಕ್ಕೆಯಡಿ ನುಗ್ಗಿದರೆ, ಹತ್ತಿರ ಬಂದ ಕೈಯನ್ನು ಅವಳು ಕುಕ್ಕಿದರೆ, ಕೊಳ್ಳುವವರು ಅವಳ ಗರಿ ಬಿಳಿಯೋ ಕೆಂಪೋ ಎಂದು ಚೌಕಾಸಿ ಮಾಡುವ ಮೊದಲು ಆ ಕುಕ್ಕಿಗೆ ಬೆಲೆ ಕಟ್ಟಬೇಕಾಗುತ್ತದೆ.